ಕೇದಾರದ ಹಾದಿಯಲ್ಲಿ

ಹಿಮವತ್ಕೇದಾರವು ಸಮುದ್ರಮಟ್ಟದಿಂದ 3583 ಮೀಟರ್ ಎತ್ತರದಲ್ಲಿದೆ. ಗೌರೀಕುಂಡದಿಂದ ಅಲ್ಲಿಗೆ ಸುಮಾರು 16 ಕಿ.ಮೀ. ಕಾಲ್ನಡಿಗೆ. 2013ರ ಪ್ರವಾಹದಲ್ಲಿ ರಾಮಬಾಡಾದ ಹಳೆಯ ಹಾದಿ ಕೊಚ್ಚಿಹೋದುದರಿಂದ, ಯಾತ್ರಿಕರು ಮಂದಾಕಿನಿಯನ್ನು ದಾಟಿ ಎದುರುದಂಡೆಯ ಕಡಿದಾದ ಏರನ್ನು ಹತ್ತಬೇಕಾಯಿತು.

ಆ ಏರಿನಲ್ಲಿ, ಲಿಂಚೋಲಿ ಇನ್ನೂ ದೂರವಿರುವಾಗಲೇ, ನೆನೆದ ಕಲ್ಲಿನ ಮೇಲೆ ಹೆಜ್ಜೆ ಜಾರಿ ನಮ್ಮ ಕಣಕಾಲು ಉಳುಕಿತು. ನೋಡುನೋಡುತ್ತಿದ್ದಂತೆ ಬಾವು ಏರಿತು. ಕುಂಟುತ್ತಲಾದರೂ ದರ್ಶನ ಪಡೆಯೋಣವೆಂದು ಮನಸ್ಸು ಹಟ ಹಿಡಿಯಿತು. ಜೊತೆಗಿದ್ದ ತಾಯಿಯೊಬ್ಬರು ತಣ್ಣೀರಿನ ವಸ್ತ್ರವನ್ನು ಸುತ್ತುತ್ತ, “ಅಜ್ಜಾರ, ಈ ಕಾಲೂ ಶಿವ ಕೊಟ್ಟದ್ದ ಅಲ್ಲೇನ್ರಿ?” ಎಂದರು. ನಾವು ಮರುಮಾತಾಡಲಿಲ್ಲ.

ಬೆನ್ನಿನ ಬುಟ್ಟಿಯಲ್ಲಿ ಯಾತ್ರಿಕರನ್ನು ಹೊರುವ ಕಂಡಿಯವನೊಬ್ಬನು ನಮ್ಮನ್ನು ಹೊತ್ತು ಕೆಳಗಿಳಿದನು. ಅರವತ್ತು ದಾಟಿದ ದೇಹದ ಭಾರವನ್ನು ಹೊತ್ತೂ ಆತನ ಹೆಜ್ಜೆ ತಪ್ಪಲಿಲ್ಲ, ಕಾಯಕವೆಂದರೆ ಅದು. ಕಂಡಿಯಲ್ಲಿ ಕುಳಿತವರ ಮುಖ ಹಿಂದಕ್ಕಿರುತ್ತದೆ. ಹೀಗಾಗಿ ಇಳಿದಷ್ಟೂ ಹೊತ್ತು, ಏರಲಾಗದ ಗಿರಿಯು ನಮ್ಮ ಕಣ್ಣೆದುರಿಗೇ ಇದ್ದಿತು.