ಆನ್ ಆರ್ಬರಿನ ಹಂಗಾಮಿ ಗುರು

ಡೆಟ್ರಾಯಿಟ್ ನಗರವನ್ನು ಬಿಟ್ಟು ಪಶ್ಚಿಮದ ಹೆದ್ದಾರಿಯನ್ನು ಹಿಡಿದರೆ ಸುಮಾರು 40 ಮೈಲಿಗಳ ದೂರದಲ್ಲಿ ಆನ್ ಆರ್ಬರ್ ಪಟ್ಟಣ ಸಿಗುತ್ತದೆ. ಮಾರ್ಚ್ ತಿಂಗಳಿನ ನಡುವೆ ಒಂದು ದಿನ ನಾನು ಆ ದಾರಿಯಲ್ಲಿ ಪಯಣಿಸಿದಾಗ, ಕರಗಿ ಉಳಿದ ಹಿಮವು ರಸ್ತೆಯ ಎರಡು ಬದಿಗಳಲ್ಲಿ ಮಸಿ ಹಿಡಿದ ಅರಳೆಯ ರಾಶಿಯಂತೆ ಬಿದ್ದಿತ್ತು. ನಮ್ಮಲ್ಲಾದರೆ ಯುಗಾದಿ ಸಮೀಪಿಸಿತೆಂದು ಮಾವೂ ಬೇವೂ ಸಾರುವ ಕಾಲ. ಅಲ್ಲಿ ಮರಗಳ ಮೇಲೆ ಒಂದು ಚಿಗುರಿನ ಸುಳಿವೂ ಇರಲಿಲ್ಲ. ಆದರೂ ಅಂಗಡಿಗಳ ಗಾಜಿನ ಕಿಟಕಿಗಳಲ್ಲಿ, ಹುಡುಗರ ಟೊಪ್ಪಿಗೆಗಳಲ್ಲಿ, ಮುದುಕಿಯರ ಕೊರಳಪಟ್ಟಿಗಳಲ್ಲಿ, ಎಲ್ಲೆಲ್ಲಿಯೂ ಎರಡೇ ಬಣ್ಣಗಳು ನಗುತ್ತಿದ್ದವು: ಒಂದು ಮುಸುಕಿನ ಜೋಳದ ಹಳದಿ, ಇನ್ನೊಂದು ಕಡು ನೀಲಿ. ಇವು ಮಿಷಿಗನ್ ವಿಶ್ವವಿದ್ಯಾನಿಲಯದ ಬಣ್ಣಗಳು. ಮಾರ್ಚ್ ತಿಂಗಳೆಂದರೆ ಅಮೆರಿಕದ ಕಾಲೇಜುಗಳಿಗೆ ಬ್ಯಾಸ್ಕೆಟ್‌ಬಾಲಿನ ಜಾತ್ರೆ.

ನನ್ನನ್ನು ಬರಮಾಡಿಕೊಂಡ ಮಿತ್ರರು ಹಾಸನದ ಕಡೆಯವರು. ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ಬಂದವರು ಇಲ್ಲಿಯೇ ನೆಲಸಿದ್ದಾರೆ. ಮನೆಯಲ್ಲಿ ಹುಳಿಯನ್ನ ಬಡಿಸುತ್ತ ಅವರು ಕೇಳಿದ ಮೊದಲ ಪ್ರಶ್ನೆಯೇ ನನಗೆ ವಿಚಿತ್ರವಾಗಿ ತೋರಿತು.

“ನೀವು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಲ್ಲವೆ? ಹಂಗಾಮಿಯಾಗಿ ಬಂದವನು ಕಾಯಂ ಆದದ್ದನ್ನು ಎಷ್ಟು ಸಲ ನೋಡಿದ್ದೀರಿ?”

“ಕೈಬೆರಳಲ್ಲಿ ಎಣಿಸುವಷ್ಟು” ಎಂದೆ.

“ಹಾಗಾದರೆ ನಾಳೆ ನಿಮಗೆ ಒಂದು ಸ್ಥಳವನ್ನು ತೋರಿಸುತ್ತೇನೆ” ಎಂದರು.

ಮರಗಳ ನೆರಳಿನ ಊರು

ಆನ್ ಆರ್ಬರ್ ಹಳೆಯ ಊರಲ್ಲ. 1824ರಲ್ಲಿ ಜಾನ್ ಆಲೆನ್, ಎಲೈಷಾ ರಮ್ಸಿ ಎಂಬ ಇಬ್ಬರು ಇದನ್ನು ನೆಲೆಗೊಳಿಸಿದರು. ಇಬ್ಬರ ಹೆಂಡಿರ ಹೆಸರೂ ಆನ್ ಎಂದೇ ಇದ್ದುದರಿಂದ ಊರಿಗೆ ಆ ಹೆಸರು ಬಂದಿತೆಂದು ಜನ ಹೇಳುತ್ತಾರೆ. ಆರ್ಬರ್ ಎಂದರೆ ಮರಗಳು ಹೆಣೆದ ಚಪ್ಪರ. 1817ರಲ್ಲಿ ಡೆಟ್ರಾಯಿಟಿನಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯವು 1837ರಲ್ಲಿ ಇಲ್ಲಿಗೆ ಬಂದಿತು. ಅಂದಿನಿಂದ ಊರೇ ವಿದ್ಯಾಲಯ, ವಿದ್ಯಾಲಯವೇ ಊರು.

ವಿದ್ಯಾಲಯದ ನಡುವೆ ಮರಗಳಿಂದ ತುಂಬಿದ ವಿಶಾಲವಾದ ಅಂಗಳವೊಂದಿದೆ. ಕರ್ಣರೇಖೆಗಳಂತೆ ಕಾಲುದಾರಿಗಳು ಅದನ್ನು ಹಾದುಹೋಗುವುದರಿಂದ ಜನ ಅದನ್ನು ‘ಡಯಾಗ್’ ಎನ್ನುತ್ತಾರೆ. ದಾರಿಗಳು ಕೂಡುವಲ್ಲಿ ನೆಲದಲ್ಲಿ ಹಿತ್ತಾಳೆಯ ‘ಎಂ’ ಅಕ್ಷರವೊಂದನ್ನು ಕೂರಿಸಿದ್ದಾರೆ. ಮೊದಲ ಪರೀಕ್ಷೆಗೆ ಮುಂಚೆ ಅದನ್ನು ತುಳಿದ ವಿದ್ಯಾರ್ಥಿ ನಪಾಸಾಗುವನಂತೆ! ಎಳೆಯ ಹುಡುಗಿಯೊಬ್ಬಳು ಪುಸ್ತಕಗಳನ್ನು ಅವಚಿಕೊಂಡು ಆ ಅಕ್ಷರವನ್ನು ಬಳಸಿ ಹೋದುದನ್ನು ನಾನೇ ಕಂಡೆ. ಪರೀಕ್ಷೆಯ ಭಯಕ್ಕೆ ದೇಶಭೇದವಿಲ್ಲವಷ್ಟೆ.

“ಈ ಹುಡುಗಿಗೆ ಪರೀಕ್ಷೆಯ ಎರಡು ದಿನ ಮುಂಚೆ ಮೇಷ್ಟರೇ ಕೈಬಿಟ್ಟು ಹೋದರೆ ಹೇಗಿದ್ದೀತು?” ಎಂದು ಮಿತ್ರರು ಕೇಳಿದರು. ಅವರ ಕಥೆ ಆರಂಭವಾಗಿತ್ತೆಂದು ನನಗೆ ಆಗ ತಿಳಿಯಲಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ನಡೆದೆವು. ಮೊದಲು ಎದುರಾದುದು 1927ರಲ್ಲಿ ಕಟ್ಟಿದ ಫುಟ್‌ಬಾಲ್ ಕ್ರೀಡಾಂಗಣ. ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಲ್ಲ ಮಹಾ ಬೋಗುಣಿ ಅದು. ಅದರ ಪಕ್ಕದಲ್ಲಿ, ಹಿರಿಯಣ್ಣನ ಮಗ್ಗುಲಿಗೆ ಕುಳಿತ ತಮ್ಮನಂತೆ, 1967ರಲ್ಲಿ ತೆರೆದ ಕ್ರಿಸ್ಲರ್ ಭವನ. ಬ್ಯಾಸ್ಕೆಟ್‌ಬಾಲಿನ ಮನೆ ಅದೇ. ಅಂದು ಸಂಜೆ ಆಟವಿರಲಿಲ್ಲ. ಮಿತ್ರರು ಬಾಗಿಲಿನ ಮುಂದೆ ನಿಂತು, ಕೈಗಳನ್ನು ಮೇಲಂಗಿಯ ಜೇಬಿಗೆ ಸೇರಿಸಿ, 1989ರ ಸಂಗತಿಯನ್ನು ಹೇಳತೊಡಗಿದರು.

ಪರೀಕ್ಷೆಗೆ ಎರಡು ದಿನ

ಆ ವರ್ಷದ ತಂಡ ಸಾಮಾನ್ಯವಾದುದಲ್ಲ. ಮೋಟಾರು ಕಾರ್ಖಾನೆಗಳ ಊರಾದ ಫ್ಲಿಂಟಿನಿಂದ ಬಂದ ಗ್ಲೆನ್ ರೈಸ್ ದೂರದಿಂದ ಎಸೆದ ಚೆಂಡು ಬುಟ್ಟಿಯ ದಾರಿಯನ್ನು ತಾನಾಗಿ ಅರಿತಂತೆ ಹೋಗುತ್ತಿತ್ತು. ಜಮೈಕಾದಲ್ಲಿ ಹುಟ್ಟಿ, ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ಊರಿನ ದಂಪತಿಗಳ ಸಾಕುಮಗನಾಗಿ ಬೆಳೆದ ರುಮೀಲ್ ರಾಬಿನ್‌ಸನ್ ಆಟವನ್ನು ನಡೆಸುವವನು. ಟೆರಿ ಮಿಲ್ಸ್, ಲಾಯ್ ವಾಟ್, ಶಾನ್ ಹಿಗ್ಗಿನ್ಸ್ ಮೊದಲಾದವರು ಜೊತೆಗಿದ್ದರು. ಋತುವಿನ ಮೊದಲ 11 ಆಟಗಳನ್ನು ಸತತವಾಗಿ ಗೆದ್ದರು. ಆಮೇಲೆ ಡಿಸೆಂಬರಿನಲ್ಲಿ, ಕೆಳದರ್ಜೆಯಲ್ಲಿ ಆಡುವ ಅಲಾಸ್ಕಾದ ಪುಟ್ಟ ಕಾಲೇಜೊಂದಕ್ಕೆ 70-66ರಲ್ಲಿ ಸೋತು ದೇಶವನ್ನೇ ಬೆರಗುಗೊಳಿಸಿದರು. ಹೀಗೆ ಏಳುಬೀಳುಗಳಲ್ಲಿ ಸಾಗಿ 24 ಗೆಲುವು, 7 ಸೋಲುಗಳೊಡನೆ ಮಾರ್ಚಿಗೆ ಬಂದರು. 11ನೆಯ ತಾರೀಖು ಇದೇ ಭವನದಲ್ಲಿ ನೆರೆ ರಾಜ್ಯದ ಇಲಿನಾಯ್ ತಂಡವು ಅವರನ್ನು 89-73ರಲ್ಲಿ ಬಡಿದುಹಾಕಿತು.

ತಂಡದ ಗುರು ಬಿಲ್ ಫ್ರೀಡರ್. ಇದೇ ವಿಶ್ವವಿದ್ಯಾನಿಲಯದಲ್ಲಿ ಓದಿದವರು, 9 ವರ್ಷಗಳಿಂದ ತಂಡವನ್ನು ನಡೆಸಿದವರು. 1985, 1986ರಲ್ಲಿ ಪ್ರಾಂತದ ಪ್ರಶಸ್ತಿಯನ್ನು ತಂದುಕೊಟ್ಟಿದ್ದರು. ಆದರೆ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಮಾತ್ರ ಅವರ ತಂಡಗಳು ಬೇಗನೆ ಮುಗ್ಗರಿಸುತ್ತಿದ್ದವು. 1989ರ ಪಂದ್ಯಾವಳಿಗೆ ಎರಡು ದಿನಗಳಿರುವಾಗ ಅವರು ಅರಿಜೋನಾ ರಾಜ್ಯ ವಿಶ್ವವಿದ್ಯಾನಿಲಯದ ಕೆಲಸವನ್ನು ಒಪ್ಪಿಕೊಂಡರು. ಪಂದ್ಯಾವಳಿ ಮುಗಿಯುವವರೆಗೆ ಈ ತಂಡವನ್ನು ನಡೆಸಿಕೊಟ್ಟು ಆಮೇಲೆ ಹೋಗುವುದು ಅವರ ಇಚ್ಛೆಯಾಗಿತ್ತು.

ಕ್ರೀಡಾ ವಿಭಾಗದ ನಿರ್ದೇಶಕರು ಬೋ ಶೆಂಬೆಕ್ಲರ್. ಫುಟ್‌ಬಾಲ್ ತಂಡದ ಗುರುವೂ ಅವರೇ. ಮಾತು ಕಡಿಮೆ, ಮುಂಗೋಪ ಹೆಚ್ಚು. ಮಿಷಿಗನ್ ತಂಡವನ್ನು ನಡೆಸುವವನು ಮಿಷಿಗನ್ನಿನವನೇ ಆಗಿರಬೇಕೆಂದು ಹೇಳಿ ಅವರು ಫ್ರೀಡರರನ್ನು ಆ ಕ್ಷಣವೇ ಬಿಡಿಸಿದರು. ಸಹಾಯಕರಾಗಿದ್ದ ಸ್ಟೀವ್ ಫಿಶರ್ ಅವರನ್ನು ಹಂಗಾಮಿ ಗುರುವಾಗಿ ನೇಮಿಸಿದರು. ಇದರಲ್ಲೊಂದು ವಿನೋದವಿದೆ. ಹೊರಹಾಕಲ್ಪಟ್ಟವರು ಈ ವಿದ್ಯಾಲಯದ ಪದವೀಧರರು. ‘ನಮ್ಮವನು’ ಎಂದು ಕುರ್ಚಿಗೆ ಬಂದವರು ಓದಿದ್ದು ಇಲಿನಾಯ್ ರಾಜ್ಯದಲ್ಲಿ! ಯಾರು ನಮ್ಮವರು ಎಂಬುದನ್ನು ಪದವಿ ಪತ್ರ ನಿರ್ಣಯಿಸಲಿಲ್ಲ, ಆ ಹೊತ್ತಿನಲ್ಲಿ ಯಾರು ಹುಡುಗರ ಬಳಿ ಉಳಿದಿದ್ದರೆಂಬುದು ನಿರ್ಣಯಿಸಿತು.

ಫಿಶರರಿಗೆ ಆಗ 43 ವರ್ಷ. ಪ್ರೌಢಶಾಲೆಯ ತಂಡವೊಂದನ್ನು ನಡೆಸಿದ್ದರೇ ಹೊರತು ಕಾಲೇಜಿನಲ್ಲಿ ಮುಖ್ಯ ಗುರುವಿನ ಪೀಠದಲ್ಲಿ ಒಂದು ದಿನವೂ ಕುಳಿತವರಲ್ಲ. 1982ರಿಂದ ಇಲ್ಲಿ ಸಹಾಯಕರು.

“ನಮ್ಮ ಊರಿನ ಶಾಲೆಯಲ್ಲಿಯೂ ಹಂಗಾಮಿ ಮೇಷ್ಟರಿದ್ದರು” ಎಂದರು ಮಿತ್ರರು. “ಅವರ ಮಾತನ್ನು ಯಾರು ಕೇಳುತ್ತಿದ್ದರು? ನಾಳೆ ಹೋಗುವವರು ತಾನೆ ಎಂದು ಹುಡುಗರು ನಗುತ್ತಿದ್ದರು. ಇಲ್ಲಿಯೂ ನಾವು ಹಾಗೆಯೇ ಎಣಿಸಿದೆವು.”

ಆರು ಮೆಟ್ಟಿಲು

ಈ ಪಂದ್ಯಾವಳಿಯ ಕ್ರಮ ಕಠಿಣವಾದುದು. 64 ತಂಡಗಳು, ಒಮ್ಮೆ ಸೋತವನಿಗೆ ಮತ್ತೆ ಅವಕಾಶವಿಲ್ಲ. ಆರು ಆಟಗಳನ್ನು ಗೆದ್ದವನೇ ರಾಷ್ಟ್ರದ ವಿಜೇತ. ಮಿಷಿಗನ್ನಿಗೆ ಆ ಗೌರವ ಎಂದೂ ದಕ್ಕಿರಲಿಲ್ಲ. 1965ರಲ್ಲಿಯೂ 1976ರಲ್ಲಿಯೂ ಕೊನೆಯ ಆಟದವರೆಗೆ ಬಂದು ಸೋತಿತ್ತು.

ಮಾರ್ಚ್ 17ರಂದು ಅಟ್ಲಾಂಟಾದಲ್ಲಿ ಜೇವಿಯರ್ ತಂಡದ ಮೇಲೆ 92-87ರಲ್ಲಿ ಗೆದ್ದರು. ಅನಂತರ ದಕ್ಷಿಣ ಅಲಬಾಮಾ. ಮೂರನೆಯ ಮೆಟ್ಟಿಲಲ್ಲಿ, ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ ಕಾದಿದ್ದುದು ಹಿಂದಿನ ಎರಡು ವರ್ಷಗಳೂ ಇವರನ್ನು ಮನೆಗೆ ಕಳುಹಿಸಿದ್ದ ಉತ್ತರ ಕ್ಯಾರೊಲೈನಾ. ಅದನ್ನೂ 92-87ರಲ್ಲಿ ದಾಟಿದರು. ಮರುದಿನ ಫಿಶರರಿಗೆ 44 ತುಂಬಿತು. ಅದರ ಮರುದಿನ ವರ್ಜಿನಿಯಾ ತಂಡವನ್ನು 102-65ರಲ್ಲಿ ನೆಲಕಚ್ಚಿಸಿದರು.

ಹಂಗಾಮಿ ಗುರು ಮಾಡಿದ ಮಂತ್ರವೇನು? ಹೊಸದನ್ನು ಕಲಿಸಲು ಅವರಿಗೆ ದಿನಗಳೇ ಇರಲಿಲ್ಲ. ಆದರೆ ಏಳು ಋತುಗಳ ಕಾಲ ಬದಿಯಲ್ಲಿ ಕುಳಿತು ನೋಡಿದವರಿಗೆ ಈ ಹುಡುಗರ ಕೈ ಯಾವುದು, ಮನಸ್ಸು ಯಾವುದು ಎಂಬುದು ತಿಳಿದಿತ್ತು. ರೈಸ್ ಎಸೆಯಬಲ್ಲ, ಎಸೆಯಲಿ. ರಾಬಿನ್‌ಸನ್ ನಡೆಸಬಲ್ಲ, ನಡೆಸಲಿ. ಹರಿಯುವ ನೀರಿಗೆ ಅಡ್ಡ ನಿಲ್ಲದಿರುವುದೂ ಒಂದು ವಿದ್ಯೆ. ಹೊಸದಾಗಿ ಅಧಿಕಾರಕ್ಕೆ ಬಂದವರಿಗೆ ಅದು ಬಹಳ ಕಷ್ಟವಾದ ವಿದ್ಯೆ. ಆರು ಆಟಗಳಲ್ಲಿ ರೈಸ್ 184 ಅಂಕಗಳನ್ನು ಗಳಿಸಿದ. ಒಂದು ಪಂದ್ಯಾವಳಿಯಲ್ಲಿ ಅಷ್ಟನ್ನು ಅದುವರೆಗೆ ಯಾರೂ ಗಳಿಸಿರಲಿಲ್ಲ.

ಏಪ್ರಿಲ್ 1ರಂದು ಸಿಯಾಟಲ್ ನಗರದ ಕಿಂಗ್‌ಡೋಮಿನಲ್ಲಿ ಐದನೆಯ ಆಟ. ಎದುರಾಳಿ ಅದೇ ಇಲಿನಾಯ್. ಆ ಋತುವಿನಲ್ಲಿ ಎರಡು ಸಲ ಸೋಲಿಸಿದವರು! ಗಡಿಯಾರ ಮುಗಿಯುವ ಕೊನೆಯ ಕ್ಷಣಗಳಲ್ಲಿ, ಗುರಿ ತಪ್ಪಿ ಹಿಂದೆ ಚಿಮ್ಮಿದ ಚೆಂಡನ್ನು ಹಿಗ್ಗಿನ್ಸ್ ಹಿಡಿದು ಬುಟ್ಟಿಗೆ ಹಾಕಿದ. 83-81.

ಎರಡು ಎಸೆತ

ಏಪ್ರಿಲ್ 3ರ ರಾತ್ರಿ ನ್ಯೂಜೆರ್ಸಿಯ ಸೀಟನ್ ಹಾಲ್ ತಂಡದೊಡನೆ ಕೊನೆಯ ಆಟ. ನಿಗದಿಯಾದ ಕಾಲ ಮುಗಿದಾಗ 71-71. ಐದು ನಿಮಿಷಗಳನ್ನು ಹೆಚ್ಚಿಗೆ ಕೊಟ್ಟರು. ಅದೂ ತೀರುತ್ತ ಬಂದು, ಸೀಟನ್ ಹಾಲ್ ಒಂದು ಅಂಕ ಮುಂದಿತ್ತು. ರಾಬಿನ್‌ಸನ್ ಚೆಂಡನ್ನು ಬಡಿಯುತ್ತ ಬುಟ್ಟಿಯ ಕಡೆಗೆ ನುಗ್ಗಿದ. ಎದುರಾಳಿಯ ಮೈ ತಗುಲಿತೆಂದು ತೀರ್ಪುಗಾರರ ಸೀಟಿ ಮೊಳಗಿತು. ಆ ಸ್ಪರ್ಶ ಶಿಕ್ಷೆಗೆ ಅರ್ಹವಾಗಿತ್ತೇ ಎಂದು ಆಮೇಲೆ ಬಹಳ ಕಾಲ ಜನ ಚರ್ಚಿಸಿದರು. ಉಳಿದ ಸಮಯ 3 ಸೆಕೆಂಡು. ರಾಬಿನ್‌ಸನ್ನನಿಗೆ ಎರಡು ದಂಡದ ಎಸೆತಗಳು.

ಬುಟ್ಟಿಯ ಹಲಗೆಯಿಂದ 15 ಅಡಿ ದೂರದ ಗೆರೆ. 10 ಅಡಿ ಎತ್ತರದಲ್ಲಿ ಕಬ್ಬಿಣದ ಬಳೆ. ಅಡ್ಡ ಬರುವವರಿಲ್ಲ, ಸಹಾಯಕ್ಕೆ ಬರುವವರೂ ಇಲ್ಲ. ಅದೇ ಋತುವಿನಲ್ಲಿ, ವಿಸ್ಕಾನ್ಸಿನ್ ತಂಡದೆದುರು ಕೊನೆಯ ಗಳಿಗೆಯಲ್ಲಿ, ಇಂಥವೇ ಎರಡು ಎಸೆತಗಳನ್ನು ಇದೇ ಹುಡುಗ ತಪ್ಪಿಸಿದ್ದ, ತಂಡ ಸೋತಿತ್ತು. ಅಂದಿನಿಂದ ಪ್ರತಿ ಅಭ್ಯಾಸ ಮುಗಿದ ಮೇಲೆ, ಉಳಿದವರೆಲ್ಲ ಸ್ನಾನಕ್ಕೆ ಹೋದಾಗ, ಅವನು ಒಬ್ಬನೇ ನಿಂತು ಇನ್ನೂ 100 ಸಲ ಎಸೆಯುತ್ತಿದ್ದನಂತೆ.

“ನಾವು ಹಾಸ್ಟೆಲಿನಲ್ಲಿ ನಲವತ್ತು ಜನ ಒಂದು ಟೆಲಿವಿಷನ್ನಿನ ಮುಂದೆ ಕುಳಿತಿದ್ದೆವು” ಎಂದರು ಮಿತ್ರರು. “ನನಗೆ ಆಟದ ನಿಯಮಗಳೇ ಸರಿಯಾಗಿ ತಿಳಿಯದು. ಆದರೆ ನನಗೂ ಆ ತಿಂಗಳು ಒಂದು ಪರೀಕ್ಷೆ ಕೆಟ್ಟಿತ್ತು. ಮನೆಗೆ ಕಾಗದ ಬರೆಯಲು ಧೈರ್ಯವಿರಲಿಲ್ಲ. ಅವನು ಆ ಗೆರೆಯ ಮೇಲೆ ನಿಂತಾಗ ನಾನೇ ನಿಂತಂತಾಯಿತು ನೋಡಿ.”

ಮೊದಲನೆಯದು ಬಿದ್ದಿತು. 79-79. ಎರಡನೆಯದೂ ಬಿದ್ದಿತು. 80-79. ಎದುರಾಳಿಗಳ ಕೊನೆಯ ಎಸೆತ ಗುರಿ ತಪ್ಪಿತು.

ಆ ರಾತ್ರಿ ಆನ್ ಆರ್ಬರಿನ ಬೀದಿಗಳು ತುಂಬಿ ಹರಿದವು. ಸೌತ್ ಯೂನಿವರ್ಸಿಟಿ ಬೀದಿಯಲ್ಲಿ ಸಂತೋಷವು ಎಲ್ಲೆ ಮೀರಿ ಅಂಗಡಿಗಳ ಗಾಜುಗಳೂ ಒಡೆದವು. ಮಿತ್ರರು ಮಾತ್ರ ಕೋಣೆಗೆ ಹೋಗಿ ತಂದೆಯವರಿಗೆ ಕಾಗದ ಬರೆದರಂತೆ. ಪರೀಕ್ಷೆ ಕೆಟ್ಟಿದೆ, ಮತ್ತೆ ಕುಳಿತುಕೊಳ್ಳುತ್ತೇನೆ ಎಂದು.

ನದಿಯ ಆಚೆ

ಒಂದು ವಾರದಲ್ಲಿ ಫಿಶರರ ಹಂಗಾಮಿ ಕಾಯಂ ಆಯಿತು. ದಾಖಲೆಯ ಪುಸ್ತಕದಲ್ಲಿ ಆ ಋತುವನ್ನು ಇಂದಿಗೂ ಎರಡಾಗಿ ಬರೆಯುತ್ತಾರೆ: ಫ್ರೀಡರ್ 24-7, ಫಿಶರ್ 6-0. ಇದು ನ್ಯಾಯವೆಂದೇ ನನಗೆ ತೋರಿತು. ಬಿತ್ತಿದವನೊಬ್ಬ, ಕೊಯ್ದವನೊಬ್ಬ, ಇಬ್ಬರ ಹೆಸರೂ ಕಣದಲ್ಲಿರಬೇಕು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1991ರಲ್ಲಿ ಫಿಶರರ ಬಳಿಗೆ ಐವರು ಅಸಾಧಾರಣ ಹುಡುಗರು ಒಟ್ಟಿಗೆ ಬಂದರು. 1992, 1993 ಎರಡು ವರ್ಷಗಳೂ ಕೊನೆಯ ಆಟಕ್ಕೆ ಏರಿ ಸೋತರು. ತಂಡದ ಹಿತೈಷಿಯೊಬ್ಬ ಕೆಲವು ಆಟಗಾರರಿಗೆ ನಿಯಮ ಮೀರಿ ಹಣ ಕೊಟ್ಟನೆಂಬ ವಿಚಾರ ಆಮೇಲೆ ಹೊರಬಿದ್ದಿತು. ತನಿಖೆಯ ನಡುವೆ, 1997ರ ಅಕ್ಟೋಬರಿನಲ್ಲಿ, ವಿಶ್ವವಿದ್ಯಾನಿಲಯವು ಫಿಶರರನ್ನು ಕೆಲಸದಿಂದ ತೆಗೆಯಿತು. 2002ರಲ್ಲಿ ಆ ಎರಡು ಕೊನೆಯಾಟಗಳ ಗೌರವವನ್ನು ತಾನಾಗಿಯೇ ಬಿಟ್ಟುಕೊಟ್ಟು ಪತಾಕೆಗಳನ್ನು ಇಳಿಸಿತು. ಫಿಶರ್ 1999ರಲ್ಲಿ ಪಶ್ಚಿಮ ತೀರದ ಸ್ಯಾನ್ ಡಿಯೇಗೋ ರಾಜ್ಯ ವಿಶ್ವವಿದ್ಯಾನಿಲಯಕ್ಕೆ ಹೋಗಿ, 2017ರವರೆಗೆ ದುಡಿದು, ಬಡವಾಗಿದ್ದ ತಂಡವೊಂದನ್ನು ಎತ್ತಿ ನಿಲ್ಲಿಸಿ ನಿವೃತ್ತರಾದರು. ಅವರ ಪೀಠಕ್ಕೆ ಬಂದವರು ಬ್ರಯನ್ ಡಚರ್. 1989ರಲ್ಲಿ ಫಿಶರರ ಜೊತೆಯಲ್ಲಿಯೇ ಇದ್ದ ತರುಣ ಸಹಾಯಕ ಅವರು. 2023ರಲ್ಲಿ ಆ ತಂಡವನ್ನು ರಾಷ್ಟ್ರದ ಕೊನೆಯ ಆಟದವರೆಗೆ ಅವರು ಕೊಂಡೊಯ್ದರು.

ಮರುದಿನ ನಾನು ಹೊರಡುವವನಿದ್ದೆ. ಮಿತ್ರರು ಹ್ಯೂರಾನ್ ನದಿಯನ್ನು ದಾಟಿಸಿ ಊರಿನ ಉತ್ತರಕ್ಕೆ ಕರೆದೊಯ್ದರು. ನದಿಯ ಅಂಚಿನಲ್ಲಿ ಮಂಜುಗಡ್ಡೆ ತೆಳ್ಳಗಾಗಿ ಗಾಜಿನ ಹಾಳೆಯಂತೆ ಒಡೆಯುತ್ತಿತ್ತು. ಅಲ್ಲಿ ಮರಗಳ ನಡುವೆ ಬೆಂಟ್ಲಿ ಚರಿತ್ರಾಲಯವೆಂಬ ತಗ್ಗಾದ, ಶಾಂತವಾದ ಕಟ್ಟಡವಿದೆ. ವಿಶ್ವವಿದ್ಯಾನಿಲಯದ ಹಳೆಯ ಕಾಗದಪತ್ರಗಳ ಭಂಡಾರ ಅದು. ಇಳಿಸಿದ ಆ ಪತಾಕೆಗಳನ್ನು ಮಡಿಸಿ ಇಟ್ಟಿರುವುದು ಇಲ್ಲಿಯೇ ಎಂದರು.

“1989ರ ಪತಾಕೆ?” ಎಂದು ಕೇಳಿದೆ.

“ಅದನ್ನು ಯಾರೂ ಮುಟ್ಟಿಲ್ಲ. ಕ್ರಿಸ್ಲರ್ ಭವನದಲ್ಲಿ ಮೇಲೆ ತೂಗುತ್ತಿದೆ.”

ಕಾಯಂ ಆದ ವರ್ಷಗಳ ಪತಾಕೆಗಳು ಪೆಟ್ಟಿಗೆ ಸೇರಿವೆ. ಹಂಗಾಮಿಯಾಗಿ ಕಳೆದ ಮೂರು ವಾರಗಳದು ಸೂರಿನಡಿಯಲ್ಲಿ ಉಳಿದಿದೆ. ಇದನ್ನು ಹೇಳಬೇಕೆಂದುಕೊಂಡೆ. ಆದರೆ ಮಿತ್ರರು ಆಗಲೇ ಗಡಿಯಾರ ನೋಡಿ, “ಬನ್ನಿ, ನಿಮ್ಮ ವಿಮಾನಕ್ಕೆ ಹೊತ್ತಾಯಿತು” ಎಂದು ಕಾರಿನ ಬಾಗಿಲು ತೆರೆದಿದ್ದರು.