ಹೆಸರಿಲ್ಲದ ಹುಡುಗನ ಊರು

2025ರ ಜನವರಿಯಲ್ಲಿ ರಾಜ್ಯದ ಸಚಿವ ಸಂಪುಟ ಧಾರವಾಡಕ್ಕೆ ಬೇರೆ ಮಹಾನಗರಪಾಲಿಕೆ ಆಗಲಿ ಎಂದು ಒಪ್ಪಿಗೆ ಕೊಟ್ಟಿತು. ಆವಾಗ ನಮ್ಮ ಓಣಿಯ ಚಹಾದಂಗಡಿಯಲ್ಲಿ ಕುಂತವರೆಲ್ಲ ಅಣ್ಣತಮ್ಮಂದಿರು ಹೊಲ ಪಾಲು ಹಚ್ಚಿದ ಹಾಗೆ ಲೆಕ್ಕ ಹಾಕಿದರು. ನೀರು ಯಾರಿಗೆಷ್ಟು, ಸಾಲ ಯಾರ ತಲಿಗೆ, ನಡುವಿನ ನವನಗರ ಯಾರ ಕಡೆಗೆ. ಒಬ್ಬರು ನನ್ನ ಕಡೆ ತಿರುಗಿ, “ಮಾಸ್ತರ, ಜೀವಮಾನ ಪೂರ್ತಿ ಇದನ್ನ ಕಲಿಸೀರಿ, ನೀವ ಹೇಳ್ರಿ” ಅಂದರು. ನಾನು ಚಹಾ ಕುಡಿದು ಸುಮ್ಮನೆ ಎದ್ದು ಬಂದೆ. ಹೇಳುವುದು ಇತ್ತು. ಅಲ್ಲಿ ಬಾಯಿ ಬರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಗೆಳೆಯರೆ, ನಾನು ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಮೂವತ್ತಾರು ವರ್ಷ ಮಾಸ್ತರಿಕಿ ಮಾಡಿದವನು. ಪ್ರತಿ ವರ್ಷ ಮಕ್ಕಳಿಗೆ ‘ನಮ್ಮ ಊರು’ ಅಂತ ಒಂದು ಪಾಠ ಹೇಳುತ್ತಿದ್ದೆ. ಪುಸ್ತಕದಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳುತ್ತಿದ್ದೆ. ಹುಬ್ಬಳ್ಳಿ, ಧಾರವಾಡ ಎರಡರ ನಡುವೆ ಇಪ್ಪತ್ತು ಕಿಲೋಮೀಟರು. ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ, ಕೆಮ್ಮಣ್ಣಿನ ಗುಡ್ಡದ ಮೇಲಿದೆ. ಹುಬ್ಬಳ್ಳಿ ನೂರು ಮೀಟರಿನಷ್ಟು ಕೆಳಗೆ, ಎರೆಮಣ್ಣಿನ ಬಯಲಿಗೆ ಮುಖ ಮಾಡಿ ಕುಂತಿದೆ. ಧಾರವಾಡದ ಸೋಮೇಶ್ವರದ ಹತ್ತಿರ ಹುಟ್ಟುವ ಶಾಲ್ಮಲಾ ಪಡುವಣಕ್ಕೆ ಹರಿದು ಅರಬ್ಬಿ ಸಮುದ್ರದ ದಾರಿ ಹಿಡಿಯುತ್ತಾಳೆ. ಇತ್ತ ಬಯಲಿಗೆ ಬಿದ್ದ ನೀರು ಮೂಡಣಕ್ಕೆ ಹೋಗುತ್ತದೆ. ಒಂದೇ ಮಳೆಯ ನೀರು ಎರಡು ಸಮುದ್ರಕ್ಕೆ ಹೋಗುತ್ತದೆ ಅಂದಾಗ ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದವು.

ಆಮೇಲೆ ಚರಿತ್ರೆ. ಹುಬ್ಬಳ್ಳಿಗೆ ಮುನಸಿಪಾಲ್ಟಿ ಬಂದದ್ದು 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ, ಎರಡೂ ಕೂಡಿ ಒಂದಾದದ್ದು 1962ರಲ್ಲಿ. ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ 1890ರಲ್ಲಿ, ಕರ್ನಾಟಕ ಕಾಲೇಜು 1917ರಲ್ಲಿ. ಮುಂಬಯಿಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ 1950ರಲ್ಲಿ ಇಲ್ಲಿಗೆ ಬಂತು. ಹುಬ್ಬಳ್ಳಿಗೆ ರೈಲು, ರೈಲ್ವೆ ಕಾರಖಾನೆ, ಹತ್ತಿ ಪೇಟೆ. ಪೇಢೆ, ಸಂಗೀತ, ಸಾಹಿತ್ಯ. ಎಲ್ಲ ಖರೆ. ಒಂದು ಮಾತೂ ಸುಳ್ಳಲ್ಲ. ಆದರೆ ಆ ಊರಿನಲ್ಲಿ ನನ್ನ ಕೇರಿ ಇರಲಿಲ್ಲ. ನಾನೇ ಬಿಟ್ಟಿದ್ದೆ.

ನಮ್ಮಪ್ಪ ಜಾಡಮಾಲಿ. ಕೋಳಿ ಕೂಗುವ ಮೊದಲು ಕಸಬರಿಗಿ ಹಿಡಿದು ಹೋಗಿ, ಪೇಟೆ ಎದ್ದು ಕಣ್ಣು ತಿಕ್ಕುವುದರೊಳಗೆ ಪೇಟೆಯನ್ನು ಹಸನು ಮಾಡಿ ಮುಕಾದಮನಿಗೆ ಹಾಜರಿ ಕೊಟ್ಟು ಬರುತ್ತಿದ್ದ. ನಮ್ಮ ಆಯಿ ಅದಕ್ಕೂ ಹಿಂದಿನ ಕಾಲದವಳು. ಮಂದಿಯ ಮನೆಯ ಹಿತ್ತಲ ಸಂದಿಯಿಂದ ಹೋಗಿ ಮಲದ ಬುಟ್ಟಿ ಹೊತ್ತವಳು. ಮಳೆಗಾಲದಲ್ಲಿ ಬುಟ್ಟಿ ಸೋರಿ ಮುಖದ ಮೇಲೆ ಇಳಿಯುತ್ತಿತ್ತಂತೆ. ಎಪ್ಪತ್ತರ ದಶಕದ ಮೊದಲಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ಸುದ್ದಿ ಬಂದಾಗ ಆಯಿ ನಂಬಲಿಲ್ಲ. “ಹಂಗಾದ್ರ ಮಂದಿ ಎಲ್ಲಿ ಕುಂದರತಾರ?” ಅಂತ ಕೇಳಿದಳು. ನಾವು ನಕ್ಕೆವು. ಈಗ ನೆನೆಸಿದರೆ ನಗು ಬರುವುದಿಲ್ಲ. ತನ್ನ ತಲೆಯ ಮೇಲಿನ ಭಾರ ಇಳಿದ ದಿನವೂ ಅವಳಿಗೆ ಮಂದಿಯದೇ ಚಿಂತೆ.

1994ರಲ್ಲಿ ಒಂದು ದಿನ ಈ ಪಾಠ ಮುಗಿಸಿದಾಗ ಏಳನೆತ್ತೆಯ ಒಬ್ಬ ಹುಡುಗಿ ಎದ್ದು ನಿಂತಳು. “ಸರ, ನೀವು ಯಾವ ಓಣ್ಯಾಗ ಇರತೀರಿ?” ಅಂದಳು. ಆಗ ಶಾಲೆಯಲ್ಲಿ ಉಳಿದ ಮಾಸ್ತರರಿಗೆ ನನ್ನ ಕೇರಿ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲವೆಂದು ನಾನು ತಿಳಿದಿದ್ದೆ. ಒಬ್ಬರು ಬಾಗಿಲ ಹತ್ತಿರವೇ ನಿಂತಿದ್ದರು. ನಾನು ಒಂದು ದೊಡ್ಡ ಮಂದಿಯ ಓಣಿಯ ಹೆಸರು ಹೇಳಿದೆ. ಹುಡುಗಿ ನನ್ನ ಮುಖ ನೋಡಿದಳು. ಅವಳ ಅವ್ವ ನಮ್ಮಣ್ಣನ ಜೋಡಿ ಅದೇ ರಸ್ತೆ ಗುಡಿಸುವವಳು. ನಮ್ಮ ಮನೆಗೆ ಎರಡು ಸಲ ಬಂದು ಹೋದ ಹುಡುಗಿ ಅದು. ಏನೂ ಅನ್ನಲಿಲ್ಲ. “ಹೌದ್ರಿ ಸರ” ಅಂತ ಕುಂತಳು.

ಅವತ್ತು ನನ್ನನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ಊರಿನಿಂದ ನನ್ನನ್ನು ನಾನೇ ಹೊರಗೆ ಹಾಕಿಕೊಂಡಿದ್ದೆ. ಈ ವ್ಯವಸ್ಥೆಯ ಕಸಬೇ ಇದು. ಮೊದಲು ಅದು ಬೇಲಿ ಹಾಕುತ್ತದೆ. ಆಮೇಲೆ ಆ ಬೇಲಿ ಕಾಯುವ ಕೆಲಸ ನಮಗೇ ಕೊಡುತ್ತದೆ.

ಅದಾದ ಮೇಲೆ ಒಂದು ದಿನ ಗ್ರಂಥಾಲಯದಲ್ಲಿ ಕುಂತು, ಬಾಬಾಸಾಹೇಬರು 1928ರಲ್ಲಿ ಸೈಮನ್ ಕಮಿಶನ್ನಿನ ಮುಂದೆ ಇಟ್ಟ ಹೇಳಿಕೆ ಓದುತ್ತಿದ್ದೆ. ಮುಂಬಯಿ ಇಲಾಖೆಯಲ್ಲಿ ಅಸ್ಪೃಶ್ಯರ ವಿದ್ಯೆಯ ಸಂಗತಿ. ಅದರೊಳಗೆ ಥಟ್ಟನೆ ‘ಧಾರವಾಡ’ ಅಂತ ಕಂಡಿತು. 1856ರ ಜೂನ್ ತಿಂಗಳು. ಒಬ್ಬ ಮಹಾರ ಹುಡುಗನ ಪರವಾಗಿ ಸರಕಾರಕ್ಕೆ ಅರ್ಜಿ ಹೋಗಿದೆ. ಎಲ್ಲರಂತೆ ತಾನೂ ಫೀ ಕೊಡಲು ತಯಾರಿದ್ದರೂ ಧಾರವಾಡದ ಸರಕಾರಿ ಶಾಲೆ ತನ್ನನ್ನು ಸೇರಿಸಿಕೊಳ್ಳಲಿಲ್ಲ ಎಂಬುದು ಅವನ ದೂರು. ಜುಲೈ ತಿಂಗಳಲ್ಲಿ ಮುಂಬಯಿ ಸರಕಾರ ಉತ್ತರ ಕೊಟ್ಟಿತು. ನ್ಯಾಯವೇನೋ ಹುಡುಗನ ಕಡೆಗಿದೆ. ಆದರೆ ಒಬ್ಬನ ಸಲುವಾಗಿ ತಲೆತಲಾಂತರದ ನಂಬಿಕೆಗೆ ಕೈ ಹಚ್ಚಿದರೆ ಉಳಿದವರ ವಿದ್ಯೆಗೇ ಸಂಚಕಾರ ಎಂಬುದು ಅದರ ತಾತ್ಪರ್ಯ. 1857ರ ಜನವರಿಯಲ್ಲಿ ಹಿಂದುಸ್ತಾನ ಸರಕಾರ, ಬಂಗಾಲದಲ್ಲಾಗಿದ್ದರೆ ಆ ಹುಡುಗನನ್ನು ಹೀಗೆ ಬಿಡುತ್ತಿರಲಿಲ್ಲ ಎಂಬ ಅರ್ಥದ ಮಾತು ಬರೆಯಿತು. 1858ರ ಏಪ್ರಿಲಿನಲ್ಲಿ ಲಂಡನ್ನಿನಿಂದ ಕಂಪನಿಯ ಡೈರೆಕ್ಟರುಗಳ ಪತ್ರ ಬಂತು: ಸರಕಾರಿ ಶಾಲೆ ಎಲ್ಲ ಜಾತಿಯವರಿಗೂ ತೆರೆದಿರತಕ್ಕದ್ದು.

ಯೋಚಿಸಿರಿ. ಒಂದು ಕೇರಿಯ ಹುಡುಗನ ಅರ್ಜಿ ಧಾರವಾಡದಿಂದ ಮುಂಬಯಿ, ಕಲಕತ್ತೆ, ಲಂಡನ್ ತನಕ ಹೋಗಿ ಬಂತು. ಧಾರವಾಡಕ್ಕೆ ಮುನಸಿಪಾಲ್ಟಿ ಬಂದ ವರ್ಷವೇ ಆ ಅರ್ಜಿ ಬರೆದದ್ದು. ಮೊದಲನೆಯದನ್ನು ನಾನು ಮಕ್ಕಳಿಗೆ ಉರು ಹೊಡಿಸಿದೆ. ಎರಡನೆಯದು ನನಗೇ ಗೊತ್ತಿರಲಿಲ್ಲ. ಆ ಹೇಳಿಕೆಯಲ್ಲಿ ಸರಕಾರದ ಮಾತೆಲ್ಲ ತಾರೀಖಿನ ಸಮೇತ ಇದೆ. ಹುಡುಗನ ಹೆಸರು ಮಾತ್ರ ಇಲ್ಲ.

ಆ ದಿನದಿಂದ ನನ್ನ ಊರು ನನಗೆ ಬೇರೆ ರೀತಿ ಕಾಣತೊಡಗಿತು. ಹತ್ತಿಯನ್ನೇ ತಗೊಳ್ರಿ. 1840ರ ದಶಕದಲ್ಲಿ ಕಂಪನಿಯವರು ಅಮೆರಿಕದ ಹತ್ತಿಬೀಜ ತಂದು ಈ ಎರೆನೆಲದಲ್ಲಿ ಬಿತ್ತಿಸಿದರು. ‘ಧಾರವಾಡ-ಅಮೆರಿಕನ್’ ಅಂತಲೇ ಅದರ ಹೆಸರು. ಆ ಬೀಜ ಬಂದ ನೆಲದಲ್ಲಿ ಹತ್ತಿ ಬಿಡಿಸುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರ ಮಕ್ಕಳು. 1861ರಿಂದ 1865ರ ತನಕ ಅಲ್ಲಿ ಗುಲಾಮಗಿರಿಯ ಸಲುವಾಗಿಯೇ ಯುದ್ಧ ನಡೆದಾಗ ಇಲ್ಲಿ ಹತ್ತಿಗೆ ಬಂಗಾರದ ಬೆಲೆ ಬಂತು. ಪೇಟೆ ಬೆಳೆಯಿತು. ಮುಂದೆ 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರು ನೋಡಿ ದಲಿತ ಪ್ಯಾಂಥರ್ಸ್ ಕಟ್ಟಿದಾಗ ಕೆಲವರು, ಎಲ್ಲಿಯ ಅಮೆರಿಕ, ಎಲ್ಲಿಯ ನಮ್ಮ ಕೇರಿ ಅಂದರು. ಆ ನಂಟನ್ನು ಹತ್ತಿ ಯಾವಾಗಲೋ ಹೊಲಿದಿಟ್ಟಿತ್ತು.

ಹುಬ್ಬಳ್ಳಿಯ ಸೆಟ್ಲಮೆಂಟ್ ಯಾರಿಗೆ ಗೊತ್ತಿಲ್ಲ? ಆದರೆ ಆ ಹೆಸರು ಯಾಕೆ ಬಂತು ಅಂತ ಮಕ್ಕಳನ್ನು ಕೇಳಿರಿ. 1871ರ ಕಾಯಿದೆ ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆಯಿತು. ಕೊರವರು, ಗಂಟಿಚೋರರು, ಹರಣಶಿಕಾರಿಗಳು—ಇಂಥವರನ್ನು ಮುಂಬಯಿ ಸರಕಾರ ತಂದು ಊರಿನ ಮಗ್ಗುಲಲ್ಲಿ ತಂತಿಯ ಬೇಲಿಯೊಳಗೆ ಇಟ್ಟಿತು. ದಿನಾ ಹಾಜರಿ. ಹೊರಗೆ ಹೋಗಲು ಚೀಟಿ. ಗಿರಣಿಗೆ, ರೈಲ್ವೆ ಕಾರಖಾನೆಗೆ ಅವರ ತೋಳು ಬೇಕಾಗಿತ್ತು. ಅವರ ನೆರಳು ಬೇಡವಾಗಿತ್ತು. ಊರಿನ ನಡುವೆ ಒಂದು ದ್ವೀಪ. ಸುತ್ತ ನೀರಿರಲಿಲ್ಲ, ಪೋಲೀಸರಿದ್ದರು. ದೇಶಕ್ಕೆ ಸ್ವಾತಂತ್ರ್ಯ 1947ರಲ್ಲಿ ಬಂದರೆ ಇವರ ಕಾಯಿದೆ ರದ್ದಾದದ್ದು 1952ರಲ್ಲಿ.

ಸಂಗೀತದ ಊರು ಅನ್ನುತ್ತೇವೆ. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ. ಚಿಕ್ಕವರಿದ್ದಾಗ ಬ್ರಾಹ್ಮಣರ ಹಿತ್ತಲಿನ ಮಾವಿನಹಣ್ಣಿಗೆ ಕೈ ಹಾಕಿ ಬೈಸಿಕೊಂಡದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಹಣ್ಣು ಹೋದದ್ದಕ್ಕಲ್ಲ, ಹಾಡುವವರ ಮಗಳು ಕಾಲಿಟ್ಟಳಲ್ಲ ಅಂತ ಬೈಗುಳ. ಅದೇ ಊರು ಮುಂದೆ ಅವರಿಗೆ ಶಾಲು ಹೊದಿಸಿತು. ಶಾಲು ಹೊದಿಸಿದ್ದನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಬೈದದ್ದನ್ನು ಬಿಡುತ್ತೇವೆ.

ಬಿಟ್ಟದ್ದರಲ್ಲಿ ಬೆಳಕೂ ಇದೆ. ಆ ಹುಡುಗನನ್ನು ಬಾಗಿಲಲ್ಲಿ ತಡೆದ ಧಾರವಾಡದಲ್ಲಿಯೇ, ಎಪ್ಪತ್ತಮೂರು ವರ್ಷದ ಮೇಲೆ, 1929ರಲ್ಲಿ ಬಾಬಾಸಾಹೇಬರು ನಮ್ಮ ಮಕ್ಕಳಿಗಾಗಿ ವಸತಿ ನಿಲಯ ಶುರು ಮಾಡಿಸಿದರು. ಕೊಪ್ಪದಕೇರಿಗೆ ಹೋದಾಗಲೆಲ್ಲ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಹೆಸರಿಲ್ಲದ ಹುಡುಗನ ಅರ್ಜಿಗೆ ಖರೆ ಉತ್ತರ ಲಂಡನ್ನಿನಿಂದ ಬರಲಿಲ್ಲ, ಇಲ್ಲಿಂದ ಬಂತು ಅನಿಸುತ್ತದೆ.

ನಾನು ಪಾಠ ಬದಲಿಸಿದೆ. ಬೋರ್ಡಿನ ಮೇಲೆ ಊರಿನ ನಕಾಶೆ ತೆಗೆದು ಮೊದಲು ನನ್ನ ಕೇರಿಗೆ ಗುರುತು ಹಾಕಿ, “ನಾನು ಇಲ್ಲಿಯವ” ಅಂದೆ. ನಾಲಿಗೆ ಒಣಗಿತ್ತು. ಒಬ್ಬಿಬ್ಬರು ಮಾಸ್ತರರು ನನ್ನ ಜೋಡಿ ಊಟಕ್ಕೆ ಕುಂದರುವುದು ಬಿಟ್ಟರು. ಮಕ್ಕಳು ಮಾತ್ರ ತಮ್ಮ ತಮ್ಮ ಓಣಿ ತೋರಿಸಲು ಓಡಿ ಬಂದವು. ಆದರೆ ಆ ಕ್ಲಾಸಿನಲ್ಲಿ ಆ ಹುಡುಗಿ ಇರಲಿಲ್ಲ. ಏಳನೆತ್ತೆಗೇ ಶಾಲೆ ಬಿಟ್ಟಿದ್ದಳು.

ನಾನು ರಿಟೈರಾಗುವ ಎರಡು ವರ್ಷ ಮೊದಲು, ನಸುಕಿನಲ್ಲಿ ಬಸ್ ಸ್ಟ್ಯಾಂಡಿಗೆ ಹೋಗುವಾಗ ಒಬ್ಬ ಹೆಣ್ಣುಮಗಳು ಕಸಬರಿಗಿ ಬದಿಗಿಟ್ಟು “ನಮಸ್ಕಾರ್ರಿ ಸರ” ಅಂದಳು. ಅವಳೇ. ಅವ್ವನ ಕಸಬರಿಗಿ ಅವಳ ಕೈಗೆ ಬಂದಿತ್ತು. ನಾನು ತಡವರಿಸುತ್ತ, “ತಂಗೀ, ಅವತ್ತ ನಾ ಸುಳ್ಳು ಹೇಳಿದ್ನಿ” ಅಂದೆ. ಅವಳು ನಕ್ಕಳು. “ಗೊತ್ತೈತ್ರಿ ಸರ. ನಾ ಯಾರಿಗೂ ಹೇಳಲಿಲ್ರಿ” ಅಂದಳು.

ಇಷ್ಟು ವರ್ಷ ಅವಳು ನನ್ನ ಮಾನ ಕಾದಿದ್ದಳು. ಅವಳ ಮಾನ ಕಾಯಬೇಕಾದ ಮಾಸ್ತರ ನಾನಾಗಿದ್ದೆ.

ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ 1507 ಮೀಟರಿನ ಪ್ಲಾಟ್‌ಫಾರ್ಮ್ 2023ರಲ್ಲಿ ಉದ್ಘಾಟನೆ ಆಯಿತು. ಜಗತ್ತಿನಲ್ಲೇ ಉದ್ದದ್ದು ಅಂತ ಹೊಗಳಿದರು. ಅದನ್ನು ಈ ತುದಿಯಿಂದ ಆ ತುದಿಗೆ ಗುಡಿಸುವವರು ಯಾರು ಅಂತ ಯಾರೂ ಬರೆಯಲಿಲ್ಲ. ಈಗ ಪಾಲು ಹಚ್ಚುವವರು ಹಚ್ಚಿಕೊಳ್ಳಲಿ. ಒಂದು ಪಾಲಿಕೆ ಇರಲಿ, ಎರಡಾಗಲಿ, ನಾನು ಕೇಳುವುದು ಇಷ್ಟೇ. ಹೆಸರಿಲ್ಲದ ಆ ಹುಡುಗ ಯಾರ ಪಾಲಿಗೆ? ಕಸಬರಿಗಿ ಹಿಡಿದ ಆ ಹೆಣ್ಣುಮಗಳು ಯಾರ ಪಾಲಿಗೆ?

ಹಳ್ಳಿಯಲ್ಲಿ ಕಲಿಸುವ ಗೆಳೆಯರೆ, ನಿಮ್ಮ ಶಾಲೆಯಲ್ಲೂ ‘ನಮ್ಮ ಊರು’ ಪಾಠ ಬರುತ್ತದೆ. ಗುಡಿಯಿಂದ, ಗೌಡರ ವಾಡೇದಿಂದ ಸುರು ಮಾಡಬೇಡಿರಿ. ಕೇರಿಯಿಂದ ಸುರು ಮಾಡಿರಿ. ಹಿಂದಿನ ಸಾಲಿನಲ್ಲಿ ಒಂದು ಮಗು ಉಸಿರು ಹಿಡಿದು ನಿಮ್ಮ ಬಾಯಿಯನ್ನೇ ನೋಡುತ್ತಿರುತ್ತದೆ.