ಮಳೆ ಬಂದಾಗ ನೋಡೋಣ ಅಂದುಕೊಂಡ ವೈಪರ್

ನಮ್ಮ ಗಾಡಿಯ ವೈಪರ್ ಎರಡು ವಾರದಿಂದ ಕಿರ್ರ್ ಅನ್ನುತ್ತಿತ್ತು. ಡ್ರೈವರ್ ಕಡೆಯದು ಒಂದು ಸಲ ಪೂರ್ತಿ ಹೋದರೆ ಇನ್ನೊಂದು ಸಲ ಅರ್ಧಕ್ಕೇ ವಾಪಸ್ ಬರುತ್ತಿತ್ತು. ನಾವು ನಾಲ್ವರೂ ಅದನ್ನು ನೋಡಿದ್ದೆವು. ನಾಲ್ವರೂ ಹೇಳಿದ್ದು ಒಂದೇ ಮಾತು: "ಮಳೆ ಬಂದಾಗ ನೋಡೋಣ ಬಿಡು."

ಮಳೆ ಬಂತು. ಹೋದ ವರ್ಷದ ಅಕ್ಟೋಬರ್, ಚಿತ್ತೆ ಮಳೆ. ಆಗ ನಾವು ರಾತ್ರಿ ಎಂಟು ಗಂಟೆಗೆ ಮೈಸೂರು ರಸ್ತೆಯಲ್ಲಿದ್ದೆವು.

ಗಾಡಿ ಅಂದರೆ ಒಂದು ಹಳೇ ಟೆಂಪೋ ಟ್ರಾವೆಲರ್. ಹಿಂದಿನ ಮಾಲೀಕರು ಆರ್‌ಟಿಒ ಒಪ್ಪಿಗೆ ಪಡೆದು, ಒಳಗಿನ ಸೀಟು ತೆಗೆಸಿ, ಎರಡು ಮಂಚ, ಪುಟ್ಟ ಅಡುಗೆ ಕಟ್ಟೆ, ನೀರಿನ ಟ್ಯಾಂಕು ಹಾಕಿಸಿದ್ದರು. ಪೇಟೆಯವರು ಇದಕ್ಕೆ ಮೋಟಾರ್‌ಹೋಮ್ ಅನ್ನುತ್ತಾರೆ. ನಾವು ಹೋದ ಊರುಗಳ ಮಕ್ಕಳು "ಮನೆ ಬಸ್ಸು" ಅನ್ನುತ್ತವೆ. ವರದಿಗೆ ಅಂತ ಊರೂರು ಸುತ್ತುವಾಗ ಅದರಲ್ಲೇ ಊಟ, ಅದರಲ್ಲೇ ನಿದ್ದೆ. ಉಳಿದ ದಿನ ಅದು ದೀಪಾಂಜಲಿ ನಗರದ ನಮ್ಮ ಬಾಡಿಗೆ ಮನೆಯ ಬೀದಿಯಲ್ಲಿ ಹೊಂಗೆ ಮರದ ಕೆಳಗೆ ನಿಂತಿರುತ್ತದೆ. ತಿಂಗಳಿಗೆ ಇಪ್ಪತ್ತು ದಿನವಾದರೂ ನಿಂತೇ ಇರುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅವತ್ತು ಗಾಡಿಯಲ್ಲಿ ನಮ್ಮ ಜೊತೆ ಅವ್ವ ಇದ್ದರು. ನಮ್ಮಲ್ಲಿ ಮಂಡ್ಯ ಕಡೆಯವನೊಬ್ಬನಿದ್ದಾನೆ, ಅವನ ತಾಯಿ. ಮದ್ದೂರಿನ ಹತ್ತಿರ ಅವರ ಊರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಾರನೇ ದಿನ ಬೆಳಗ್ಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ತೋರಿಸಬೇಕಿತ್ತು.

ಕೆಂಗೇರಿ ದಾಟುವಾಗ ಹನಿ ಶುರುವಾಯಿತು. ರಾಜರಾಜೇಶ್ವರಿ ನಗರದ ಕಮಾನಿನ ಹತ್ತಿರ ಬರುವಷ್ಟರಲ್ಲಿ ಜೋರಾಯಿತು. ವೈಪರ್ ಹಾಕಿದೆವು. ಎಡಗಡೆಯದು ಸರಿಯಾಗಿ ಒರೆಸಿತು. ಡ್ರೈವರ್ ಎದುರಿನದು ನಾಲ್ಕು ಸಲ ಆಡಿ, ಗ್ಲಾಸಿನ ನಡುವೆ ನಿಂತುಬಿಟ್ಟಿತು. ಒಳಗಿಂದ ಮೋಟಾರಿನ ಸದ್ದು ಮಾತ್ರ ಬರುತ್ತಲೇ ಇತ್ತು.

ಎದುರಿಂದ ಬರುವ ಲೈಟುಗಳು ನೀರಿನಲ್ಲಿ ಒಡೆದು ಗ್ಲಾಸಿನ ತುಂಬ ಹರಡಿಕೊಂಡವು. ಸ್ಟೀರಿಂಗ್ ಹಿಡಿದ ಗೆಳೆಯ ಎಡಕ್ಕೆ ಬಾಗಿ, ಒರೆಸಿದ ಜಾಗದಿಂದ ನೋಡುತ್ತ ಓಡಿಸಿದ. ನಾಯಂಡಹಳ್ಳಿ ಹತ್ತಿರ ಒಮ್ಮೆಲೇ ಬ್ರೇಕ್ ಒತ್ತಿದ. ತಲೆ ಮೇಲೆ ಪ್ಲಾಸ್ಟಿಕ್ ಕವರ್ ಹಿಡಿದ ಹೆಂಗಸೊಬ್ಬರು ಬಂಪರಿನಿಂದ ಒಂದು ಮಾರು ದೂರದಲ್ಲಿ ನಿಂತಿದ್ದರು. ಅವರು ನಮ್ಮನ್ನು ಬೈಯಲೂ ಇಲ್ಲ. ಒಂದು ಕ್ಷಣ ನೋಡಿ ದಾಟಿ ಹೋದರು.

ಗಾಡಿ ಬದಿಗೆ ಹಾಕಿ ನಾಲ್ಕೂ ಲೈಟು ಮಿಣುಕಿಸಿ ಕೂತೆವು. ಯಾರೂ ಮಾತಾಡಲಿಲ್ಲ. ಹಿಂದಿನಿಂದ ಅವ್ವ ಕೇಳಿದರು: "ಏನ್ರಪ್ಪ, ಲೈಟೆಲ್ಲ ಒಡ್ದು ಚೂರುಚೂರಾಗಿ ಕಾಣ್ತದಾ? ನಂಗೂ ಇಂಗೇ ಕಾಣದು, ಒಂದ್ ವರ್ಸದಿಂದ."

ಮಗ ತಲೆ ತಗ್ಗಿಸಿದ. ಹಬ್ಬ ಕಳೀಲಿ, ಸುಗ್ಗಿ ಮುಗೀಲಿ, ಸಂಬಳ ಬರಲಿ ಅಂತ ಕಣ್ಣಿನ ಆಪರೇಷನ್ ಮುಂದಕ್ಕೆ ಹಾಕುತ್ತ ಬಂದವನು ಅವನೇ. "ನೋಡೋಣ ಬಿಡು" ಅನ್ನುವ ಮಾತು ಗಾಡಿಗೆ ಮಾತ್ರ ಹೇಳಿದ್ದಾಗಿರಲಿಲ್ಲ.

ಅವ್ವ ಅಡಿಕೆ ಚೀಲ ಬಿಚ್ಚಿ ಒಂದು ಹಿಡಿ ಹೊಗೆಸೊಪ್ಪು ಕೊಟ್ಟರು. "ತಗಳಿ, ಗಿಲಾಸಿಗೆ ಉಜ್ಜಿ. ನಮ್ಮಣ್ಣ ಕಬ್ಬಿನ ಲಾರಿ ಓಡುಸ್ವಾಗ ಇಂಗೇ ಮಾಡ್ತಿದ್ದ." ನಾವು ಇಳಿದು, ಒದ್ದೆ ಗ್ಲಾಸಿಗೆ ಹೊಗೆಸೊಪ್ಪು ತಿಕ್ಕಿದೆವು. ಹನಿಗಳು ಗ್ಲಾಸಿಗೆ ಅಂಟಿಕೊಂಡು ನಿಲ್ಲದೆ ತೆಳ್ಳಗೆ ಹರಿದು ಇಳಿಯತೊಡಗಿದವು. ಹಳೇ ಲಾರಿ ಡ್ರೈವರುಗಳಿಗೆ ಈ ಉಪಾಯ ಗೊತ್ತು. ಕೆಲವರು ಹೊಗೆಸೊಪ್ಪಿನ ಬದಲು ಹೆಚ್ಚಿದ ಆಲೂಗಡ್ಡೆ ತಿಕ್ಕುತ್ತಾರೆ. ಆದರೆ ಇದನ್ನು ನಂಬಿ ಊರು ಸೇರಲು ಹೋಗಬೇಡಿ. ಜೋರು ಮಳೆಯಲ್ಲಿ ಸ್ವಲ್ಪ ಹೊತ್ತಿಗೆ ತೊಳೆದು ಹೋಗುತ್ತದೆ. ರಸ್ತೆ ಬಿಟ್ಟು ಒಂದು ಸುರಕ್ಷಿತ ಜಾಗ ಸೇರಲು ಮಾತ್ರ ಸಾಕು.

ನಾವೂ ಅಷ್ಟೇ ಮಾಡಿದೆವು. ಆಮೆಯ ಹಾಗೆ ಹೋಗಿ, ಒಂದು ಪೆಟ್ರೋಲ್ ಬಂಕಿನವರನ್ನು ಕೇಳಿ ಮೂಲೆಯಲ್ಲಿ ಗಾಡಿ ನಿಲ್ಲಿಸಿದೆವು. ಅವ್ವನ ಕೈ ಹಿಡಿದು ನಾಯಂಡಹಳ್ಳಿ ಮೆಟ್ರೋ ನಿಲ್ದಾಣ ಹತ್ತಿದೆವು. ಅಲ್ಲಿಂದ ದೀಪಾಂಜಲಿ ನಗರಕ್ಕೆ ಎರಡೇ ಸ್ಟಾಪು. ದೀಪಾಂಜಲಿ ನಗರಕ್ಕೆ ಮೆಟ್ರೋ ಬಂದದ್ದು 2015ರ ನವೆಂಬರಿನಲ್ಲಿ. ಕೆಂಗೇರಿವರೆಗೆ ಲೈನು ಮುಂದುವರಿದದ್ದು 2021ರ ಆಗಸ್ಟಿನಲ್ಲಿ. ಅವತ್ತು ರಾತ್ರಿ ಆ ಎರಡು ಸ್ಟಾಪು ನಮ್ಮನ್ನು ಕಾಪಾಡಿತು. ವೈಪರ್ ಕೆಟ್ಟಾಗ ರಿಪೇರಿಯ ಮೊದಲ ಹೆಜ್ಜೆ ಗಾಡಿ ನಿಲ್ಲಿಸುವುದು. ಉಳಿದದ್ದೆಲ್ಲ ಆಮೇಲೆ.

ಮಾರನೇ ದಿನ ಆಸ್ಪತ್ರೆ ಮುಗಿಸಿ, ಬಿಸಿಲಿದ್ದಾಗಲೇ ಗಾಡಿ ತಂದೆವು. ದಾರಿಯಲ್ಲಿ ಒಂದು ಗ್ಯಾರೇಜಿನಲ್ಲಿ ತೋರಿಸಿದರೆ ಹುಡುಗ ಸ್ವಿಚ್ ಹಾಕಿ ನೋಡಿ, "ಮೋಟಾರ್ ಹೋಗಿದೆ, ಹೊಸದು ಹಾಕ್ಬೇಕು" ಅಂದ. ಅವನು ಹೇಳಿದ ರೇಟು ಕೇಳಿ ಆ ತಿಂಗಳ ಬಾಡಿಗೆ ನೆನಪಾಯಿತು. ಸುಮ್ಮನೆ ಮನೆಗೆ ಬಂದೆವು.

ದೀಪಾಂಜಲಿ ನಗರದಲ್ಲಿ ಬಿಎಂಟಿಸಿ ಡಿಪೋ ಇದೆ. ಬಸ್ಸಿನ ಕೆಲಸ ಮಾಡಿ ನಿವೃತ್ತರಾದ ಮೆಕ್ಯಾನಿಕ್ ಒಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ. ಬನಿಯನ್ನಿನಲ್ಲೇ ಹೊರಗೆ ಬಂದವರು ಮೊದಲು ಕೇಳಿದ್ದು, "ಸೌಂಡ್ ಬರ್ತಾ ಇದೆಯೇನ್ರಪ್ಪಾ?"

"ಬರ್ತಿದೆ ಸಾರ್."

"ಆ ಕಡೆದು ಆಡ್ತಾ ಇದೆಯಾ?"

"ಹೂಂ ಸಾರ್."

"ಹಂಗಿದ್ರೆ ಮೋಟಾರ್ ಹೆಂಗ್ರಪ್ಪಾ ಹೋಗುತ್ತೆ? ಎರಡಕ್ಕೂ ಇರೋದು ಒಂದೇ ಮೋಟಾರು."

ಇಷ್ಟು ಸರಳವಾದ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. ವರದಿ ಬರೆಯುವಾಗ ಇಬ್ಬರನ್ನು ಕೇಳದೆ ಒಂದು ಸಾಲು ಬರೆಯಬಾರದು ಅಂತ ಕಲಿತವರು ನಾವು.

ಅವರು ವೈಪರಿನ ಬುಡದ ಪ್ಲಾಸ್ಟಿಕ್ ಮುಚ್ಚಳ ಎತ್ತಿದರು. ಒಳಗಿನ ನಟ್ ಕೈಯಲ್ಲೇ ತಿರುಗಿತು. ನಟ್ ತೆಗೆದು ವೈಪರಿನ ಕೈ ಎಳೆದು ತೋರಿಸಿದರು. ತಿರುಗುವ ಕಡ್ಡಿಗೆ, ಅಂದರೆ ಸ್ಪಿಂಡಲ್‌ಗೆ, ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ವೈಪರ್ ಕೈಯ ತೂತಿನೊಳಗೂ ಹಾಗೇ ಹಲ್ಲು. ಎರಡೂ ಕಚ್ಚಿಕೊಂಡರೆ ಕೈ ಆಡುತ್ತದೆ. ನಮ್ಮದರಲ್ಲಿ ಕೈಯೊಳಗಿನ ಹಲ್ಲು ಸವೆದು ನುಣ್ಣಗಾಗಿತ್ತು. ಸ್ಪಿಂಡಲ್ ತುಕ್ಕು ಹಿಡಿದು ಬಿಗಿಯಾಗಿತ್ತು.

"ತಿಂಗಳಲ್ಲಿ ಎಷ್ಟು ದಿನ ಓಡ್ಸ್ತೀರಾ?" ಅಂದರು. ಹತ್ತು ದಿನ ಅಂದೆವು. "ನಿಂತ ಗಾಡಿ ಓಡೋ ಗಾಡಿಗಿಂತ ಬೇಗ ಕೆಡುತ್ತೆ ಕಣ್ರಪ್ಪಾ."

ಸ್ಪಿಂಡಲ್‌ಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಆಡಿಸಿ, ಒರೆಸಿ, ಗ್ರೀಸ್ ಹಚ್ಚಿದರು. ಹೊಸ ಕೈ, ಹೊಸ ಬ್ಲೇಡು ತಂದುಕೊಟ್ಟೆವು. ಹಾಕುವ ಮೊದಲು ಒಮ್ಮೆ ಸ್ವಿಚ್ ಹಾಕಿ ಆರಿಸಿದರು. ಆಗ ಮೋಟಾರ್ ತಾನಾಗಿ ತನ್ನ ಮನೆ ಜಾಗಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಕೈಯನ್ನು ಗ್ಲಾಸಿನ ಕೆಳಗಿನ ಅಂಚಿಗೆ ಕೂರಿಸಿ ನಟ್ ಬಿಗಿಮಾಡಿದರು. ಖರ್ಚು ಗ್ಯಾರೇಜಿನವನು ಹೇಳಿದ್ದರ ಕಾಲು ಭಾಗವೂ ಆಗಲಿಲ್ಲ. ಕೂಲಿ ಕೊಡಲು ಹೋದರೆ, "ಕಾಫಿ ಕುಡ್ಸಿ ಸಾಕು" ಅಂದರು.

ಅವತ್ತು ಅವರು ಹೇಳಿದ್ದನ್ನು ಬರೆದಿಟ್ಟುಕೊಂಡೆವು. ನಿಮ್ಮಲ್ಲೂ ಗೂಡ್ಸ್ ಆಟೋ, ಪಿಕಪ್, ಶಾಲೆ ವ್ಯಾನು ಇರುತ್ತದಲ್ಲ, ಅದಕ್ಕೂ ಇದೇ ಲೆಕ್ಕ.

ಸದ್ದು ಬರುತ್ತದೆ, ಎರಡೂ ಆಡುವುದಿಲ್ಲ: ಮೋಟಾರಿನಿಂದ ಕೈಗಳಿಗೆ ಹೋಗುವ ಕಡ್ಡಿ ಕಳಚಿರಬಹುದು. ಕಡ್ಡಿಯ ತುದಿಯಲ್ಲಿ ಪ್ಲಾಸ್ಟಿಕ್ ಬುಷ್ ಇರುತ್ತದೆ, ಅದು ಸವೆದರೆ ಕಳಚುತ್ತದೆ.

ಒಂದು ಆಡುತ್ತದೆ, ಒಂದು ಇಲ್ಲ: ಆಡದ ಕಡೆಯ ನಟ್ ನೋಡಿ. ನಂತರ ಹಲ್ಲು, ಆಮೇಲೆ ಆ ಕಡೆಯ ಕಡ್ಡಿ.

ಸದ್ದೇ ಇಲ್ಲ: ಮೊದಲು ಫ್ಯೂಸ್. ಅದು ಸರಿಯಿದ್ದರೆ ರಿಲೇ, ಸ್ವಿಚ್, ಮೋಟಾರಿನ ವೈರು, ಅರ್ಥ್ ಕೊಡುವ ಜಾಗದ ತುಕ್ಕು. ಮೋಟಾರ್ ಕೊನೆಗೆ.

ಫ್ಯೂಸ್ ಪದೇ ಪದೇ ಸುಡುತ್ತದೆ: ಎಲ್ಲೋ ಬಿಗಿಯಾಗಿದೆ, ಇಲ್ಲವೇ ವೈರು ತಾಗುತ್ತಿದೆ. ದೊಡ್ಡ ಫ್ಯೂಸ್ ಹಾಕುವುದು, ತಂತಿ ಸುತ್ತುವುದು ಮಾಡಲೇಬೇಡಿ. ಫ್ಯೂಸ್ ಉಳಿದು ವೈರು ಸುಡುತ್ತದೆ, ಗಾಡಿಗೇ ಬೆಂಕಿ ಬೀಳಬಹುದು.

ತುಂಬಾ ನಿಧಾನ: ಸ್ಪಿಂಡಲ್ ಒಣಗಿದೆ, ಅಥವಾ ಕರೆಂಟು ಸರಿಯಾಗಿ ತಲುಪುತ್ತಿಲ್ಲ.

ಆರಿಸಿದರೂ ಗ್ಲಾಸಿನ ನಡುವೆ ನಿಲ್ಲುತ್ತದೆ: ಮೋಟಾರಿನೊಳಗೆ ಅದನ್ನು ಮನೆ ಜಾಗಕ್ಕೆ ತರುವ ಸ್ವಿಚ್ ಕೆಟ್ಟಿರಬಹುದು.

ಗೆರೆ ಬಿಡುತ್ತದೆ, ಕಿರುಗುಟ್ಟುತ್ತದೆ: ಗ್ಲಾಸಿನ ಜಿಡ್ಡು ತೊಳೆಯಿರಿ, ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಆಗಲೂ ಹೋಗದಿದ್ದರೆ ರಬ್ಬರ್ ಬದಲಿಸಿ. ಬಿಸಿಲಿಗೆ ನಿಂತ ಗಾಡಿಯ ರಬ್ಬರ್ ಬೇಗ ಗಟ್ಟಿಯಾಗುತ್ತದೆ.

ಇನ್ನೆರಡು ಮಾತು. ಒಣ ಗ್ಲಾಸಿನ ಮೇಲೆ ವೈಪರ್ ಹಾಕಬೇಡಿ, ಮೊದಲು ನೀರು ಬಿಡಿ. ಗಾಡಿ ತೊಳೆಯುವಾಗ ವೈಪರನ್ನು ಮುಂದಕ್ಕೆ ಎತ್ತಿ, ಪಕ್ಕಕ್ಕೆ ತಳ್ಳಬೇಡಿ. ನಾವು ತಳ್ಳುತ್ತಿದ್ದೆವು. ಹಲ್ಲು ಸವೆಯಲು ಅದೂ ಒಂದು ಕಾರಣ ಅಂತ ಬೈಸಿಕೊಂಡೆವು. ಗ್ಲಾಸಿರುವ ಗಾಡಿಗೆ ಕೆಲಸ ಮಾಡುವ ವೈಪರ್ ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಎಫ್‌ಸಿಗೆ ಹೋದಾಗಲೂ ನೋಡುತ್ತಾರೆ.

ಆಮೇಲೆ ಕುತೂಹಲಕ್ಕೆ ಹುಡುಕಿದಾಗ ಇನ್ನೊಂದು ಸಂಗತಿ ಸಿಕ್ಕಿತು. ವೈಪರಿಗೆ 1903ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವರು ಮೇರಿ ಆ್ಯಂಡರ್ಸನ್ ಎಂಬ ಹೆಂಗಸು. ನ್ಯೂಯಾರ್ಕಿನಲ್ಲಿ ಟ್ರಾಮಿನಲ್ಲಿ ಕೂತಿದ್ದಾಗ, ಹಿಮ ಬಿದ್ದ ಗ್ಲಾಸಿನಿಂದ ಕಾಣದೆ ಡ್ರೈವರ್ ಪಡುತ್ತಿದ್ದ ಪಾಡು ನೋಡಿ ಅವರಿಗೆ ಇದು ಹೊಳೆಯಿತಂತೆ. ಒಳಗಿಂದ ಕೈಯಲ್ಲೇ ಆಡಿಸುವ ಸನ್ನೆ ಅದಕ್ಕಿತ್ತು. ಆ ಪೇಟೆಂಟಿನಿಂದ ಅವರಿಗೆ ಹಣವೇನೂ ಸಿಗಲಿಲ್ಲ. ಅವ್ವನಿಗೆ ಈ ಕಥೆ ಹೇಳಿದಾಗ, "ಡ್ರೈವರು ತಾನೇ ಮಾಡ್ಕಬೇಕಿತ್ತು, ಹಿಂದ್ಗಡೆ ಕೂತೋಳು ಮಾಡಿದ್ಲು" ಅಂತ ನಕ್ಕರು.

ಅವ್ವನ ಒಂದು ಕಣ್ಣಿನ ಆಪರೇಷನ್ ಅದೇ ವಾರ ಆಯಿತು. ಇನ್ನೊಂದು ಸಂಕ್ರಾಂತಿ ಕಳೆದ ಮೇಲೆ. ಎರಡನೆಯದಕ್ಕೆ ಡಾಕ್ಟರು ಹೇಳಿದ ದಿನವೇ ಹೋದೆವು, ಮುಂದಕ್ಕೆ ಹಾಕಲಿಲ್ಲ. ಈಗ ಪ್ರತಿ ಭಾನುವಾರ ನಮ್ಮಲ್ಲೊಬ್ಬರು ಗ್ಲಾಸಿಗೆ ನೀರು ಹಾಕಿ, ವೈಪರ್ ಐದು ನಿಮಿಷ ಆಡಿಸಿ ನೋಡುತ್ತೇವೆ, ಮಳೆಗಾಲ ಇರಲಿ ಬಿಡಲಿ.

ಮದ್ದೂರು ಕಡೆ ಮೋಡ ಕಟ್ಟಿದರೆ ಅವ್ವ ಮಗನಿಗೆ ಫೋನ್ ಮಾಡುತ್ತಾರೆ. ಊಟ ಆಯ್ತಾ ಅಂತ ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, "ಗಾಡಿ ಕಣ್ಣು ಒರ್ಸದು ಸರ್ಯಾಗದಾ?"